ಮೊದಲ ಟ್ರ್ಯಾಕ್ ಡೇಗೆ ಮುನ್ನ ತರಬೇತಿ: ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ?

ಪ್ರಶ್ನೆ: ನನ್ನದು ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ, ಮ್ಯಾನುವಲ್. ಎರಡು ತಿಂಗಳ ನಂತರ ಗೆಳೆಯರ ಜೊತೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ಗೆ ಟ್ರ್ಯಾಕ್ ಡೇಗೆಂದು, ಅಂದರೆ ನಮ್ಮ ಕಾರನ್ನೇ ಅಲ್ಲಿ ಓಡಿಸಲು ಬಿಡುವ ದಿನಕ್ಕೆಂದು, ಹೋಗುವ ಯೋಚನೆ ಇದೆ. ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಆದರೆ ಟ್ರ್ಯಾಕ್ ಮೇಲೆ ಒಮ್ಮೆಯೂ ಇಳಿದಿಲ್ಲ. ಹೋಗುವ ಮೊದಲು ತರಬೇತಿ ಪಡೆಯಬೇಕೆಂದಿದ್ದೇನೆ. ಊರಲ್ಲೇ ಗೋ-ಕಾರ್ಟಿಂಗ್ ಇದೆ, ನಮ್ಮ ಕಾರಿನಲ್ಲೇ ಕಲಿಸುವ ಒಂದು ದಿನದ ಶಾಲೆ ಇದೆ, ಫಾರ್ಮುಲಾ ಕಾರಿನಲ್ಲಿ ಎರಡು ದಿನ ಕಲಿಸುವ ರೇಸಿಂಗ್ ಶಾಲೆಯೂ ಇದೆ. ದೊಡ್ಡ ಖರ್ಚು ಒಂದಕ್ಕೆ ಮಾತ್ರ ಸಾಧ್ಯ. ಯಾವುದನ್ನು ಆರಿಸಲಿ?
– ಒಬ್ಬ ಓದುಗ, ಜಯನಗರ

ಉತ್ತರ: ನಿಮ್ಮ ಪೋಲೋದಲ್ಲೇ ಕಲಿಸುವ ಒಂದು ದಿನದ ಶಾಲೆಗೆ ದುಡ್ಡು ಹಾಕಿ. ಅದಕ್ಕೊಂದು ಷರತ್ತು: ಕನಿಷ್ಠ ಎರಡು ಸೆಷನ್ (ಟ್ರ್ಯಾಕ್‌ಗೆ ಬಿಡುವ ಒಂದೊಂದು ಸರದಿ) ಇನ್‌ಸ್ಟ್ರಕ್ಟರ್ ನಿಮ್ಮ ಪಕ್ಕದ ಸೀಟಿನಲ್ಲಿ ಕೂರಬೇಕು. ಕಾರ್ಟಿಂಗ್‌ಗೆ ಹೆಚ್ಚು ಖರ್ಚಿಲ್ಲ, ಅದನ್ನು ಜೊತೆಗೆ ಸೇರಿಸಿಕೊಳ್ಳಬಹುದು. ಫಾರ್ಮುಲಾ ಕಾರು ಮುಂದೊಂದು ದಿನಕ್ಕಿರಲಿ.

ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಇರುಂಗಾಟ್ಟುಕೋಟೈನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ 3.717 ಕಿ.ಮೀ. ಉದ್ದವಿದೆ, 12 ತಿರುವುಗಳಿವೆ. ಮಾಮೂಲಿ ಹ್ಯಾಚ್‌ಬ್ಯಾಕ್‌ನಲ್ಲಿ ಮೊದಲ ಸಲ ಬಂದವರಿಗೆ ಒಂದು ಸುತ್ತಿಗೆ ಎರಡೂವರೆ ನಿಮಿಷದ ಆಸುಪಾಸು ಹಿಡಿಯುತ್ತದೆ. ಸೆಷನ್ 15 ನಿಮಿಷದ್ದಾದರೆ ಆರು ಸುತ್ತು. ಮೊದಲನೆಯದು ಟೈರು, ಬ್ರೇಕು ಬೆಚ್ಚಗಾಗಲು, ಕೊನೆಯದು ಅವು ತಣ್ಣಗಾಗಲು. ಉಳಿದದ್ದು ನಾಲ್ಕು. ದಿನಕ್ಕೆ ನಾಲ್ಕು ಸೆಷನ್ ಸಿಕ್ಕರೆ ಒಟ್ಟು 16 ಸುತ್ತು. ಅಂದರೆ ಇಡೀ ದಿನದಲ್ಲಿ ಒಂದೊಂದು ತಿರುವು ನಿಮ್ಮ ಕೈಗೆ ಸಿಗುವುದು ಹದಿನಾರೇ ಸಲ. ಆ ಹದಿನಾರು ಸಲವೂ ಒಂದೇ ತಪ್ಪು ಮಾಡಿದರೆ ಕಲಿತಂತೆ ಆಗುವುದಿಲ್ಲ, ತಪ್ಪು ಕೈಗೆ ಗಟ್ಟಿಯಾಗಿ ಕೂರುತ್ತದೆ, ಅಷ್ಟೆ.

ಹೊಸಬರ ತಪ್ಪು ಅವರಿಗೇ ಗೊತ್ತಾಗುವುದಿಲ್ಲ, ತೊಡಕು ಅಲ್ಲಿದೆ. ಬೇಗ ತಿರುಗಿಸಿಬಿಟ್ಟೆ, ಬ್ರೇಕನ್ನು ಅರ್ಧಕ್ಕೇ ಒತ್ತಿದೆ, ಕಣ್ಣು ಬಾನೆಟ್ ಮೇಲೇ ಇತ್ತು – ಇವನ್ನೆಲ್ಲ ಪಕ್ಕದಲ್ಲಿ ಕೂತವರು ಆ ಕ್ಷಣಕ್ಕೇ ಹೇಳಬೇಕು, ಎರಡೂವರೆ ನಿಮಿಷದ ನಂತರ ಅದೇ ತಿರುವಿನಲ್ಲಿ ನೀವು ತಿದ್ದಿಕೊಳ್ಳಬೇಕು. ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬಂದ ಮೇಲೆ ‘ಪರವಾಗಿಲ್ಲ, ಸ್ವಲ್ಪ ಬೇಗ ತಿರುಗಿಸ್ತಾ ಇದೀರಿ’ ಎಂದರೆ ಯಾವ ತಿರುವಿನಲ್ಲಿ ಎಂಬುದೇ ನಿಮಗೆ ನೆನಪಿರುವುದಿಲ್ಲ. ಹಾಗಾಗಿ ಯಾವುದೇ ಶಾಲೆಯ ಬೆಲೆ ಕಟ್ಟುವಾಗ ಶುಲ್ಕವನ್ನು ದಿನಗಳಿಂದಲೋ ಸುತ್ತುಗಳಿಂದಲೋ ಭಾಗಿಸಬೇಡಿ. ನಿಮ್ಮನ್ನೊಬ್ಬರನ್ನೇ ನೋಡುತ್ತ, ನಿಮಗೊಬ್ಬರಿಗೇ ಹೇಳುತ್ತ ಒಬ್ಬ ಇನ್‌ಸ್ಟ್ರಕ್ಟರ್ ಕಳೆಯುವ ನಿಮಿಷಗಳಿಂದ ಭಾಗಿಸಿ. ದುಬಾರಿ ಅನ್ನಿಸಿದ ಶಾಲೆ ಆಗ ಅಗ್ಗವಾಗಿ ಕಂಡೀತು. ಅಗ್ಗದ್ದರಲ್ಲಿ ಉತ್ತರ ಸೊನ್ನೆಗೂ ಇಳಿಯಬಹುದು.

ಫಾರ್ಮುಲಾ ಕಾರಿನ ಶಾಲೆ ನಿಮಗೆ ಈಗ ಹೊಂದದಿರುವುದೂ ಇದಕ್ಕೇ. ಅದು ಒಂದೇ ಸೀಟಿನ ಗಾಡಿ, ಪಕ್ಕದಲ್ಲಿ ಕೂರಲು ಜಾಗವೇ ಇಲ್ಲ. ಇನ್‌ಸ್ಟ್ರಕ್ಟರ್ ಗೋಡೆ ಪಕ್ಕ ನಿಂತು ಒಂದೆರಡು ತಿರುವು ಮಾತ್ರ ನೋಡುತ್ತಾರೆ, ಇಲ್ಲವೇ ಸೆಷನ್ ಆದಮೇಲೆ ವಿಡಿಯೊ ತೋರಿಸುತ್ತಾರೆ. ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, ಬ್ರೇಕ್ ಬೂಸ್ಟರ್ ಇಲ್ಲ. ಪೆಡಲನ್ನು ಕಾಲಿನ ಬಲದಿಂದಲೇ ತುಳಿಯಬೇಕು. ಎಂಜಿನ್ ಹಿಂದಿದೆ, ಎಳೆಯುವುದು ಹಿಂದಿನ ಚಕ್ರ. ಆ ಕಾರಿನಲ್ಲಿ ಎರಡು ದಿನ ಪಳಗಿ ಬಂದು ಮುಂಚಕ್ರ ಎಳೆಯುವ ಪೋಲೋದಲ್ಲಿ ಕೂತರೆ, ಲೈನು (ತಿರುವಿನಲ್ಲಿ ಕಾರು ಹಿಡಿಯಬೇಕಾದ ಹಾದಿ) ಮತ್ತು ಬಾವುಟಗಳ ಪಾಠ ಉಳಿಯುತ್ತದೆ, ಕೈಕಾಲಿನ ಪಾಠವನ್ನು ಮತ್ತೆ ಮೊದಲಿಂದ ಕಲಿಯಬೇಕು. ಮುಂದೆ ರೇಸ್‌ಗೇ ಇಳಿಯುವ ಮನಸ್ಸಿದ್ದರೆ ಮಾತು ಬೇರೆ. ಸ್ಪರ್ಧೆಗೆ ದೇಶದ ಮೋಟಾರು ಕ್ರೀಡೆಯ ಒಕ್ಕೂಟವಾದ ಎಫ್‌ಎಂಎಸ್‌ಸಿಐನ ಲೈಸೆನ್ಸ್ ಬೇಕು, ಆ ದಾರಿಯಲ್ಲಿ ಇಂಥ ಶಾಲೆ ಒಳ್ಳೆಯ ಮೆಟ್ಟಿಲು. ಟ್ರ್ಯಾಕ್ ಡೇ ರೇಸ್ ಅಲ್ಲ, ಅದಕ್ಕೆ ಸ್ಪರ್ಧೆಯ ಲೈಸೆನ್ಸ್ ಕೇಳುವುದಿಲ್ಲ.

ಇನ್ನೊಂದು ಬಗೆಯದಿದೆ: ಕಾರು ಕಂಪನಿಗಳು ನಡೆಸುವ ‘ಎಕ್ಸ್‌ಪೀರಿಯೆನ್ಸ್’. ಮೂರ್ನಾಲ್ಕು ಸುತ್ತು, ಕೊನೆಗೊಂದು ಪ್ರಮಾಣಪತ್ರ, ಒಂದು ಫೋಟೊ. ಖುಷಿಗೆ ಹೋಗಿಬನ್ನಿ, ತರಬೇತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಕಾರ್ಟಿಂಗ್ ಕಲಿಸುವುದೇನು, ಕಲಿಸದಿರುವುದೇನು

ನಗರದ ಹೊರವಲಯದಲ್ಲಿ ರಾಷ್ಟ್ರೀಯ ಕಾರ್ಟಿಂಗ್ ಸ್ಪರ್ಧೆಗಳು ನಡೆದಿರುವ ಮೆಕೋ ಕಾರ್ಟೋಪಿಯಾದಂಥ ಹೊರಾಂಗಣ ಟ್ರ್ಯಾಕ್ ಇದೆ. ಮಾಲ್ ಒಳಗಿನ ನುಣುಪು ನೆಲದ ಟ್ರ್ಯಾಕ್‌ಗಳಿಗಿಂತ ಅಂಥದ್ದು ಮೇಲು, ಏಕೆಂದರೆ ಅಲ್ಲಿ ಡಾಂಬರಿನ ಹಿಡಿತ ಇರುತ್ತದೆ, ವೇಗ ಹೆಚ್ಚು, ಲೈನ್ ತಪ್ಪಿದರೆ ನಷ್ಟ ಕೂಡಲೇ ಗೊತ್ತಾಗುತ್ತದೆ. ವಾರದ ದಿನ ಹೋದರೆ ಟ್ರ್ಯಾಕ್ ಬಹುತೇಕ ಖಾಲಿ ಇರುತ್ತದೆ.

ಕಾರ್ಟ್ ಕಲಿಸುವುದು ಮುಖ್ಯವಾಗಿ ಎರಡು. ಒಂದು, ಕಣ್ಣು ಮುಂದಿನ ತಿರುವಿನತ್ತ ಹೋಗುವ ಅಭ್ಯಾಸ. ಎರಡು, ತಿರುವಿನೊಳಗೆ ನಿಧಾನವಾಗಿ ಹೋಗಿ ಹೊರಗೆ ಬೇಗ ಬಂದರೆ ಒಟ್ಟಾರೆ ವೇಗ ಹೆಚ್ಚುತ್ತದೆ ಎಂಬ ತಿಳಿವಳಿಕೆ. ಬ್ರೇಕ್ ವಿಷಯದಲ್ಲಿ ಮಾತ್ರ ಅದು ದಾರಿ ತಪ್ಪಿಸುತ್ತದೆ. ಬಾಡಿಗೆ ಕಾರ್ಟ್‌ನಲ್ಲಿ ಬ್ರೇಕ್ ಇರುವುದು ಹಿಂದಿನ ಆಕ್ಸಲ್‌ಗೆ ಮಾತ್ರ, ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ ಇಲ್ಲ. ಗಟ್ಟಿಯಾಗಿ ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗಿ ಕಾರ್ಟ್ ಗಿರ್ರನೆ ತಿರುಗುತ್ತದೆ. ಹಾಗಾಗಿ ಬ್ರೇಕನ್ನು ಮೆಲ್ಲಗೆ ಮುಟ್ಟುವುದು ಅಭ್ಯಾಸವಾಗಿಬಿಡುತ್ತದೆ. ಕಾರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಜೊತೆಗೆ ಅಲ್ಲಿ ಬ್ರೇಕ್ ಎಡಗಾಲಿಗೆ. ಆ ಅಭ್ಯಾಸವನ್ನು ಕಾರಿಗೆ ತರಬೇಡಿ, ಕ್ಲಚ್ ತುಳಿದು ರೂಢಿಯಾದ ಎಡಗಾಲು ಬ್ರೇಕನ್ನೂ ಅಷ್ಟೇ ಜೋರಾಗಿ ತುಳಿದುಬಿಡುತ್ತದೆ.

ಎರಡು ಮೂರು ಸಲ ಹೋದರೆ ಸಾಕು. ಪ್ರತಿ ಹತ್ತು ನಿಮಿಷಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ: ಒಮ್ಮೆ ಬರೀ ಕಣ್ಣು, ಒಮ್ಮೆ ಬರೀ ತಡವಾಗಿ ತಿರುಗಿಸುವುದು. ಗೆಳೆಯರ ಜೊತೆ ಹೋಗಿ ಒಬ್ಬರಿಗೊಬ್ಬರು ಗುದ್ದಾಡುವುದು ಮಜಾ, ಆದರೆ ಆ ದಿನ ಕಲಿತದ್ದು ಸೊನ್ನೆ.

ಒಂದು ದಿನದ ಶಾಲೆಯಲ್ಲಿ ಏನು ಕಲಿಸಲೇಬೇಕು

ಮೊದಲನೆಯದು ಕೂರುವ ರೀತಿ. ಶಾಲೆ ಇದರಿಂದ ಶುರುಮಾಡದಿದ್ದರೆ ಅನುಮಾನ ಪಡಿ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಭುಜ ಸೀಟಿಗೆ ಅಂಟಿದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗ್‌ನ ಮೇಲ್ತುದಿಗೆ ತಾಗಬೇಕು. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ. ಹೆಲ್ಮೆಟ್ ಹಾಕಿದಾಗ ತಲೆ ಮೇಲೆ ಎರಡು ಮೂರು ಬೆರಳಷ್ಟು ಜಾಗ ಉಳಿಯಬೇಕು. ನಮ್ಮಲ್ಲಿ ಬಹಳ ಜನ ಸೀಟನ್ನು ಹಿಂದಕ್ಕೆ ತಳ್ಳಿ, ಒರಗಿಕೊಂಡು ಓಡಿಸುತ್ತಾರೆ. ಆ ಭಂಗಿಯಲ್ಲಿ ಬ್ರೇಕ್ ಪೆಡಲ್‌ಗೆ ಪೂರ್ತಿ ಬಲ ಬೀಳುವುದೇ ಇಲ್ಲ, ತಿರುವಿನಲ್ಲಿ ಸ್ಟೇರಿಂಗನ್ನು ತಿರುಗಿಸುವ ಬದಲು ಅದಕ್ಕೇ ಜೋತುಬೀಳುತ್ತಾರೆ.

ಎರಡನೆಯದು ಬ್ರೇಕ್. ಇಡೀ ದಿನದಲ್ಲಿ ಒಂದೇ ಪಾಠ ಸಿಗುವುದಾದರೆ ಇದೇ ಇರಲಿ. ಊರಿನಲ್ಲಿ ನಾವು ಬ್ರೇಕನ್ನು ಮೆಲ್ಲಗೆ ಶುರುಮಾಡಿ ನಿಲ್ಲುವ ಹೊತ್ತಿಗೆ ಗಟ್ಟಿ ಮಾಡುತ್ತೇವೆ. ಟ್ರ್ಯಾಕ್‌ನಲ್ಲಿ ಅದು ಉಲ್ಟಾ: ನೇರ ರಸ್ತೆಯಲ್ಲೇ ಆದಷ್ಟು ಬೇಗ ಪೂರ್ತಿ ಬಲಕ್ಕೆ ಹೋಗಬೇಕು, ತಿರುವು ಹತ್ತಿರ ಬಂದಂತೆ ಮೆಲ್ಲಗೆ ಬಿಡುತ್ತ ಬರಬೇಕು. ಒದ್ದಂತೆ ತುಳಿಯುವುದೂ ಸರಿಯಲ್ಲ. ಮೊದಲ ಕ್ಷಣದಲ್ಲಿ ಭಾರ ಮುಂದಿನ ಟೈರಿಗೆ ಬಂದು ಕೂರಬೇಕು, ಆಮೇಲೆ ಬಲ. ಹೊಸಬರು ಎಬಿಎಸ್‌ನ ಗರಗರ ಸದ್ದು ಕೇಳಿದೊಡನೆ ಬೆದರಿ ಕಾಲು ಎತ್ತುತ್ತಾರೆ. ಆದ್ದರಿಂದ ಒಳ್ಳೆಯ ಶಾಲೆಯಲ್ಲಿ ಸುತ್ತು ಹೊಡೆಸುವ ಮೊದಲೇ ಕೋನ್ ನೆಟ್ಟು, 60, 80, 100ರ ವೇಗದಿಂದ ಪೂರ್ತಿ ಬ್ರೇಕ್ ಹಾಕಿ ನಿಲ್ಲಿಸುವುದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ, ಬ್ರೇಕ್ ಹಿಡಿದೇ ಕೋನ್ ತಪ್ಪಿಸಿ ಪಕ್ಕಕ್ಕೆ ತಿರುಗಿಸುವುದನ್ನೂ ಮಾಡಿಸುತ್ತಾರೆ. ಈ ಅಭ್ಯಾಸವಿಲ್ಲದೆ ನೇರ ಟ್ರ್ಯಾಕ್‌ಗೆ ಬಿಡುವ ಶಾಲೆ ಬೇಡ.

ಮೂರನೆಯದು ಕಣ್ಣು ಮತ್ತು ಲೈನ್. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಪಳಗಿದ ಕಣ್ಣಿಗೆ ಮುಂದಿನ ಗಾಡಿಯ ಬಂಪರೇ ಪ್ರಪಂಚ. 120ರ ವೇಗದಲ್ಲಿ ಕಾರು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ, ಬಂಪರ್ ದೂರ ನೋಡುತ್ತಿದ್ದರೆ ಎಲ್ಲವೂ ತಡ. ಬ್ರೇಕ್ ಹಾಕುವ ಗುರುತು ಕಂಡೊಡನೆ ಕಣ್ಣು ತಿರುಗಿಸುವ ಜಾಗಕ್ಕೆ, ತಿರುಗಿಸುವ ಮೊದಲೇ ಏಪೆಕ್ಸ್‌ಗೆ (ಕಾರು ತಿರುವಿನ ಒಳ ಅಂಚಿಗೆ ತೀರ ಹತ್ತಿರ ಬರುವ ಜಾಗ), ಏಪೆಕ್ಸ್ ಮುಟ್ಟುವ ಮೊದಲೇ ಹೊರಹೋಗುವ ತುದಿಗೆ ಹೋಗಬೇಕು. ಕಣ್ಣು ಹತ್ತಿರವೇ ಉಳಿದವರು ತಿರುವಿಗೆ ಬೇಗ ತಿರುಗಿಸುತ್ತಾರೆ. ಬೇಗ ತಿರುಗಿಸಿದರೆ ಏಪೆಕ್ಸ್ ಬೇಗ ಬರುತ್ತದೆ, ಹೊರಬರುವಾಗ ರಸ್ತೆ ಸಾಲುವುದಿಲ್ಲ. ಆಗ ಮಾಡುವ ಎರಡನೇ ತಪ್ಪೇ ಅಪಾಯದ್ದು: ಗಾಬರಿಯಾಗಿ ಆಕ್ಸಿಲರೇಟರ್ ಪೂರ್ತಿ ಬಿಡುವುದು. ಮುಂಚಕ್ರ ಎಳೆಯುವ ಹಗುರ ಹ್ಯಾಚ್‌ಬ್ಯಾಕ್‌ನಲ್ಲಿ ತಿರುವಿನ ಮಧ್ಯೆ ಹೀಗೆ ಕಾಲೆತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಗುತ್ತದೆ, ಹಿಂದಿನ ಟೈರು ಜಾರುತ್ತದೆ, ಕಾರು ತಿರುಗಿಬಿಡುತ್ತದೆ. ಪೋಲೋ ಥರದ ಕಾರುಗಳಿಗೆ ತಿಳಿದಿರಲೇಬೇಕಾದ ವಿಷಯ ಇದು. ತಡವಾದ ಏಪೆಕ್ಸನ್ನು ಹೊಸಬರಿಗೆ ಹೇಳಿಕೊಡುವುದು ಇದಕ್ಕಾಗಿ. ಅದು ಅತಿ ವೇಗದ ಲೈನ್ ಅಲ್ಲದಿರಬಹುದು, ಆದರೆ ತಪ್ಪಿದರೂ ರಸ್ತೆ ಉಳಿದಿರುತ್ತದೆ.

ಹೊರಬರುವಾಗ ಎರಡು ಚಕ್ರ ಮಣ್ಣಿಗೆ ಇಳಿದರೆ ಏನು ಮಾಡಬೇಕು ಎಂಬುದನ್ನೂ ಶಾಲೆ ಬಾಯಿಪಾಠ ಮಾಡಿಸಬೇಕು. ತಕ್ಷಣ ಎಳೆದು ಟ್ರ್ಯಾಕ್‌ಗೆ ತರಬಾರದು. ಡಾಂಬರು ಸಿಕ್ಕ ಟೈರು ಥಟ್ಟನೆ ಹಿಡಿದು ಕಾರನ್ನು ಟ್ರ್ಯಾಕಿಗೆ ಅಡ್ಡಲಾಗಿ ಎಸೆಯುತ್ತದೆ. ಸ್ಟೇರಿಂಗ್ ನೇರ ಇಟ್ಟು, ಬೇಕಾದರೆ ನಾಲ್ಕೂ ಚಕ್ರ ಇಳಿಯಲು ಬಿಟ್ಟು, ವೇಗ ಇಳಿದ ಮೇಲೆ ಹಿಂದೆ ನೋಡಿ ಮರಳಿ. ಕಾರು ತಿರುಗಿಯೇಬಿಟ್ಟರೆ ಕ್ಲಚ್ಚು, ಬ್ರೇಕು ಎರಡನ್ನೂ ಪೂರ್ತಿ ಒತ್ತಿ ಹಿಡಿಯಿರಿ. ಕಾರು ಎತ್ತ ಹೋಗುತ್ತದೆಂದು ಹಿಂದೆ ಬರುವವರಿಗೆ ಊಹಿಸಲು ಸಾಧ್ಯವಾಗಬೇಕು.

ಬಾವುಟಗಳ ಪಾಠ ಅರ್ಧ ಗಂಟೆಯದು, ಆದರೆ ತಪ್ಪಿಸಬೇಡಿ. ಹಳದಿ ಎಂದರೆ ಮುಂದೆ ಅಪಾಯ, ವೇಗ ಇಳಿಸಿ, ಓವರ್‌ಟೇಕ್ ಇಲ್ಲ. ಎರಡು ಹಳದಿ ಎಂದರೆ ನಿಲ್ಲಲೂ ಸಿದ್ಧರಾಗಿರಿ. ಹಳದಿ-ಕೆಂಪು ಪಟ್ಟೆಯಿದ್ದರೆ ಜಾರುವ ನೆಲ. ಕೆಂಪು ಎಂದರೆ ಸೆಷನ್ ನಿಂತಿದೆ, ಥಟ್ಟನೆ ಬ್ರೇಕ್ ಹಾಕದೆ ನಿಧಾನವಾಗಿ ಪಿಟ್‌ಗೆ. ನೀಲಿ ಎಂದರೆ ಹಿಂದೆ ವೇಗದ ಕಾರು ಬರುತ್ತಿದೆ. ಕಪ್ಪಿನಲ್ಲಿ ಕಿತ್ತಳೆ ಚುಕ್ಕೆ ಕಂಡರೆ ನಿಮ್ಮ ಕಾರಿನಲ್ಲೇ ಏನೋ ಕೆಟ್ಟಿದೆ.

ಬ್ರೇಕ್ ಒತ್ತುತ್ತಲೇ ಅದೇ ಕಾಲಿನಿಂದ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸುವ ಹೀಲ್-ಅಂಡ್-ಟೋ, ತಿರುವಿನ ಒಳಗೂ ಬ್ರೇಕ್ ಎಳೆದೊಯ್ಯುವ ಟ್ರೇಲ್ ಬ್ರೇಕಿಂಗ್ – ಮೊದಲ ದಿನಕ್ಕೆ ಇವು ಬೇಡ. ಕಲಿಸುತ್ತೇವೆಂದು ಶಾಲೆ ಜಾಹೀರಾತಿನಲ್ಲಿ ಹೇಳಿಕೊಂಡರೆ ಅದು ಮೆಚ್ಚುವ ಮಾತೇನಲ್ಲ.

ಬುಕ್ ಮಾಡುವ ಮುನ್ನ ಫೋನಿನಲ್ಲಿ ಕೇಳಬೇಕಾದದ್ದು

ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ವಿದ್ಯಾರ್ಥಿಗಳು? ಇಬ್ಬರು ಉತ್ತಮ, ಮೂವರು ಸರಿ. ಆರು ಎಂದರೆ ಅದು ತರಗತಿ ಪಾಠವೇ ಹೊರತು ತರಬೇತಿಯಲ್ಲ. ಪಕ್ಕದಲ್ಲಿ ಕೂರುತ್ತಾರಾ, ಅಥವಾ ಮುಂದೆ ಒಂದು ಕಾರು ಹೋಗಿ ಹಿಂದೆ ಸಾಲಾಗಿ ಬರಬೇಕಾ? ಸಾಲಿನ ಪದ್ಧತಿ ಲೈನ್ ತೋರಿಸಲು ಒಂದು ಸೆಷನ್ ಮಟ್ಟಿಗೆ ಒಳ್ಳೆಯದೇ. ಆದರೆ ಸಾಲಿನಲ್ಲಿ ಎರಡನೆಯವರಿಗೆ ಸರಿಯಾದ ಲೈನ್ ಕಾಣುತ್ತದೆ, ಐದನೆಯವರು ನಾಲ್ಕನೆಯವರ ತಪ್ಪನ್ನು ಕಲಿಯುತ್ತಾರೆ. ಸಾಲೇ ಆಗುವುದಾದರೆ ಪ್ರತಿ ಸುತ್ತಿಗೂ ಸ್ಥಾನ ಬದಲಾಗುತ್ತದೆಯೇ ಎಂದು ಕೇಳಿ.

ಹೆಲ್ಮೆಟ್ ಒಳಗೆ ಇಂಟರ್‌ಕಾಮ್ ಇದೆಯೇ? ಕಿಟಕಿ ತೆಗೆದು 120ರಲ್ಲಿ ಹೋಗುವಾಗ ಬಾಯಿಮಾತು ಕೇಳಿಸುವುದಿಲ್ಲ. ಕೈಸನ್ನೆಯಲ್ಲೂ ಕಲಿಸುವ ಅನುಭವಿಗಳಿದ್ದಾರೆ, ಆಗ ಸನ್ನೆಗಳನ್ನು ಮೊದಲೇ ಹೇಳಿಕೊಡಬೇಕು. ಒಂದೇ ಹೊತ್ತಿಗೆ ಟ್ರ್ಯಾಕ್‌ನಲ್ಲಿ ಎಷ್ಟು ಕಾರು? ಹೊಸಬರ ಗುಂಪು ಬೇರೆಯೇ? ಓವರ್‌ಟೇಕ್‌ಗೆ ನಿಯಮವೇನು? ನೇರ ರಸ್ತೆಯಲ್ಲಿ ಮಾತ್ರ, ಮುಂದಿನವರು ಕೈ ತೋರಿಸಿದ ಮೇಲೆ ಮಾತ್ರ ಎಂದಿದ್ದರೆ ನಿಶ್ಚಿಂತೆ. ಬೈಕು, ಕಾರು ಒಟ್ಟಿಗೇ ಬಿಡುತ್ತಾರೆಂದರೆ ಅಲ್ಲಿಗೆ ಮಾತು ಮುಗಿಸಿ ಫೋನ್ ಇಡಿ.

ಆಂಬುಲೆನ್ಸ್, ವೈದ್ಯರು, ಬೆಂಕಿ ಆರಿಸುವ ಗಾಡಿ, ಪ್ರತಿ ಪೋಸ್ಟ್‌ನಲ್ಲಿ ಬಾವುಟ ಹಿಡಿದ ಮಾರ್ಷಲ್ – ಇವೆಲ್ಲ ಇಡೀ ದಿನ ಇರುತ್ತವೆಯೇ? ಆಂಬುಲೆನ್ಸ್ ಯಾರನ್ನೋ ಆಸ್ಪತ್ರೆಗೆ ಒಯ್ದರೆ ಟ್ರ್ಯಾಕ್ ನಿಲ್ಲಿಸುತ್ತಾರೆಯೇ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಸಂಘಟಕರ ಅನುಭವ ಎಷ್ಟೆಂದು ತಿಳಿಯುತ್ತದೆ. ಮಳೆ ಬಂದರೆ ಏನು ಮಾಡುತ್ತಾರೆ ಎಂದೂ ಕೇಳಿ. ಚೆನ್ನೈಗೆ ಹೆಚ್ಚು ಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಒದ್ದೆ ಟ್ರ್ಯಾಕ್‌ನಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಕಳೆದ ಒಂದು ಗಂಟೆ, ಒಣ ಟ್ರ್ಯಾಕ್‌ನ ಮೂರಕ್ಕೆ ಸಮ. ಹಾಗಾಗಿ ಮಳೆ ಎಂದು ನೀವಾಗಿಯೇ ಹಿಂದೆ ಸರಿಯಬೇಡಿ. ಗುಡುಗು ಸಿಡಿಲಿದ್ದರೆ, ಟ್ರ್ಯಾಕ್ ಮೇಲೆ ನೀರು ನಿಂತಿದ್ದರೆ ಮಾತ್ರ ಬೇಡ.

ಇನ್‌ಸ್ಟ್ರಕ್ಟರ್ ರಾಷ್ಟ್ರೀಯ ಚಾಂಪಿಯನ್ ಎಂಬುದಕ್ಕೆ ಮರುಳಾಗಬೇಡಿ. ವೇಗವಾಗಿ ಓಡಿಸುವವರೆಲ್ಲ ಕಲಿಸಬಲ್ಲರು ಎಂದೇನಿಲ್ಲ. ‘ಬೇರೆಯವರ ಕಾರಿನಲ್ಲಿ ಪಕ್ಕದಲ್ಲಿ ಕೂತು ಎಷ್ಟು ಕಾಲದಿಂದ ಕಲಿಸುತ್ತಿದ್ದಾರೆ?’ ಎಂದು ಕೇಳಿ. ಹೊಸಬರ ಸೆಷನ್‌ಗೆ ಲ್ಯಾಪ್ ಟೈಮ್ ಹಚ್ಚಿ ಬಹುಮಾನ ಇಡುವ ಶಾಲೆಯನ್ನು ದೂರವಿಡಿ. ಗಡಿಯಾರ ಕಂಡೊಡನೆ ಪಾಠ ಮರೆತುಹೋಗುತ್ತದೆ. ಶಾಲೆಯ ಕಾರು ಬಳಸುವುದಾದರೆ ಗುದ್ದಿದರೆ ನೀವು ಕೊಡಬೇಕಾದ ಗರಿಷ್ಠ ಮೊತ್ತ ಎಷ್ಟೆಂದು ಕಾಗದದಲ್ಲಿ ಬರೆಸಿಕೊಳ್ಳಿ.

ಶಾಲೆ ಇರುಂಗಾಟ್ಟುಕೋಟೈನಲ್ಲೇ ಇದ್ದರೆ ಬಹಳ ಒಳ್ಳೆಯದು. ಅಲ್ಲಿ ಮುಖ್ಯ ಸ್ಟ್ರೈಟ್ ಮುಗಿದೊಡನೆ ಬರುವ ಮೊದಲ ತಿರುವು ಸಿ-1 ಬಲಕ್ಕೆ ತಿರುಗುವ, ವೇಗದ ತಿರುವು. ಅದನ್ನು ಒಬ್ಬರೇ ಕಲಿಯಲು ಹೊರಡುವುದು ಬುದ್ಧಿವಂತಿಕೆಯಲ್ಲ. ಅಲ್ಲಿ ದಿನಾಂಕ ಸಿಗದಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಆಗಬಹುದು. ಅದು ಸುಮಾರು 2.1 ಕಿ.ಮೀ.ನ ಚಿಕ್ಕ ಟ್ರ್ಯಾಕ್, ಅದೇ ತಿರುವು ಬೇಗ ಬೇಗ ಮರಳಿ ಬರುವುದರಿಂದ ಕಲಿಯಲು ಅನುಕೂಲ. ಶಾಲೆಗೂ ಟ್ರ್ಯಾಕ್ ಡೇಗೂ ನಡುವೆ ಎರಡು ಮೂರು ವಾರ ಇರಲಿ. ಅದಕ್ಕಿಂತ ಹೆಚ್ಚಾದರೆ ಕಾಲು ಮರೆಯುತ್ತದೆ, ಕಡಿಮೆಯಾದರೆ ಸವೆದ ಬ್ರೇಕ್ ಪ್ಯಾಡ್ ಬದಲಿಸಲೂ ಹೊತ್ತಿರುವುದಿಲ್ಲ. ಪಕ್ಕದಲ್ಲಿ ಕೂತು ಕಲಿಸುವ ಶಾಲೆಯ ದಿನಾಂಕವೇ ಈ ಎರಡು ತಿಂಗಳಲ್ಲಿ ಹೊಂದದಿದ್ದರೆ, ಇನ್‌ಸ್ಟ್ರಕ್ಟರ್ ಒದಗಿಸುವ ಟ್ರ್ಯಾಕ್ ಡೇಯನ್ನೇ ಹುಡುಕಿ, ಮೊದಲ ಎರಡು ಸೆಷನ್ ಅವರಿಗೆ ಮೀಸಲಿಡಿ. ಗೆಳೆಯರ ಗುಂಪಿನ ತಾರೀಖನ್ನು ಮುಂದೂಡಿದರೂ ನಷ್ಟವಿಲ್ಲ.

ತಯಾರಿಯನ್ನು ನೈಸ್ ರಸ್ತೆಯಲ್ಲೋ ಬೆಳಗಿನ ಜಾವ ನಂದಿಬೆಟ್ಟದ ದಾರಿಯಲ್ಲೋ ಮಾಡಬೇಡಿ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪರೀಕ್ಷೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ. ರಸ್ತೆಯಲ್ಲಿ ಅಭ್ಯಾಸ ಮಾಡಬಹುದಾದದ್ದು ಕಣ್ಣು ಮತ್ತು ಕೂರುವ ಭಂಗಿ, ಅದಕ್ಕೆ 40ರ ವೇಗ ಸಾಕು.

ಕಾರು

ಪೋಲೋಗೆ ಟ್ರ್ಯಾಕ್‌ಗಾಗಿ ಎಂಜಿನ್ ರೀಮ್ಯಾಪ್, ಎಕ್ಸಾಸ್ಟ್, ಅಗಲ ವೀಲು ಯಾವುದೂ ಬೇಡ. ಬೇಕಾದದ್ದು ಬ್ರೇಕ್. ನೀವು ಮತ್ತು ಇನ್‌ಸ್ಟ್ರಕ್ಟರ್ ಸೇರಿ ಕಾರು 1,200 ಕೆ.ಜಿ. ಎಂದುಕೊಳ್ಳಿ. 140ರಿಂದ 70ಕ್ಕೆ ಒಮ್ಮೆ ಇಳಿಸಿದಾಗ ಬ್ರೇಕ್‌ಗೆ ಹೋಗುವ ಶಾಖ, ಊರಿನಲ್ಲಿ 60ರಿಂದ ಪೂರ್ತಿ ನಿಲ್ಲಿಸುವಾಗಿನ ಶಾಖದ ನಾಲ್ಕರಷ್ಟು. ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುವುದರಿಂದ ಹೀಗೆ. ಊರಲ್ಲಿ ನಿಲ್ಲಿಸಿದ ಮೇಲೆ ಸಿಗ್ನಲ್‌ನಲ್ಲಿ ಎರಡು ನಿಮಿಷ ವಿಶ್ರಾಂತಿ ಇರುತ್ತದೆ, ಟ್ರ್ಯಾಕ್‌ನಲ್ಲಿ ಮುಂದಿನ ತಿರುವು ಹದಿನೈದು ಇಪ್ಪತ್ತು ಸೆಕೆಂಡಿಗೇ ಬರಬಹುದು.

ಹಾಗಾಗಿ ಹೋಗುವ ಮುಂಚಿನ ವಾರ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ರಲ್ಲಿ ಇವು 260 ಮತ್ತು 180. ನಿಮಗೆ ಹೊಸ ಡಾಟ್ 4 ಅಥವಾ 5.1 ಸಾಕು. ಡಾಟ್ 5 ಎಂಬುದು ಸಿಲಿಕೋನ್‌ನದು, ಅದನ್ನು ಹಾಕಿಸಬೇಡಿ. ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಸೀಲ್ ಒಡೆಯದ ಡಬ್ಬಿ ಕೊಳ್ಳಿ, ಮೆಕ್ಯಾನಿಕ್ ಶೆಲ್ಫ್‌ನಲ್ಲಿ ತೆರೆದಿಟ್ಟ ಅರ್ಧ ಬಾಟಲಿಗೆ ಒಪ್ಪಬೇಡಿ. ಮುಂದಿನ ಪ್ಯಾಡ್ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಹೊಸದು ಹಾಕಿಸಿ, ಹಾಕಿಸಿದ ಮೇಲೆ ಕನಿಷ್ಠ ಇನ್ನೂರು ಮುನ್ನೂರು ಕಿ.ಮೀ. ಓಡಿಸಿ ಡಿಸ್ಕ್ ಜೊತೆ ಕೂಡಿಕೊಳ್ಳಲು ಬಿಡಿ.

ಬ್ರೇಕ್ ಸೋಲುವುದು ಎರಡು ಬಗೆಯಲ್ಲಿ, ಕಾಲಿಗೆ ಬೇರೆಬೇರೆಯಾಗಿ ತಿಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದೆ, ಕಾರು ಮಾತ್ರ ನಿಲ್ಲುತ್ತಿಲ್ಲ ಎಂದರೆ ಪ್ಯಾಡ್ ಮಿತಿಮೀರಿ ಕಾದಿದೆ. ಒಂದೆರಡು ಸುತ್ತು ನಿಧಾನ ಹೋದರೆ ಮರಳಿ ಬರುತ್ತದೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತಿದ್ದರೆ ಆಯಿಲ್ ಕುದಿದು ಆವಿ ತುಂಬಿದೆ. ಅದು ಆ ದಿನಕ್ಕೆ ಪೂರ್ತಿ ಸರಿಹೋಗುವುದಿಲ್ಲ, ಪಿಟ್‌ಗೆ ಬಂದು ಬ್ಲೀಡ್ (ಬ್ರೇಕ್ ಆಯಿಲ್‌ನೊಳಗೆ ಸೇರಿದ ಗಾಳಿ, ಆವಿ ಹೊರತೆಗೆಯುವುದು) ಮಾಡಿಸದೆ ಮತ್ತೆ ಹೊರಡಬೇಡಿ. ಸೆಷನ್ ಮುಗಿಸಿ ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ನಿಮ್ಮ ಕಾರಿನ ಹಿಂದಿನ ಡ್ರಮ್ ಕಾದು ಹಿಗ್ಗಿರುತ್ತದೆ, ತಣ್ಣಗಾಗುತ್ತ ಕುಗ್ಗಿ ಶೂ ಕಚ್ಚಿಕೊಳ್ಳಬಹುದು. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ.

ಟೈರಿನ ಗಾಳಿ ಪ್ರತಿ 5-6 ಡಿಗ್ರಿ ಬಿಸಿಗೆ ಸುಮಾರು 1 ಪಿಎಸ್‌ಐ ಏರುತ್ತದೆ. ತಣ್ಣಗಿದ್ದಾಗ 33 ಇದ್ದದ್ದು ಸೆಷನ್ ಮುಗಿಯುವಾಗ 38-39 ಆಗಿರುತ್ತದೆ, ಆಗ ಹಿಡಿತ ಕಡಿಮೆ. ಬಂದೊಡನೆ ಅಳೆದು, ಇನ್‌ಸ್ಟ್ರಕ್ಟರ್ ಹೇಳಿದಷ್ಟಕ್ಕೆ ಬಿಸಿಯಲ್ಲೇ ಇಳಿಸಿ, ಬರೆದಿಡಿ. ಇದಕ್ಕೆ ನಿಮ್ಮದೇ ಗೇಜ್ ಬೇಕು, ಬಂಕ್‌ನ ಮೀಟರ್‌ಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಾರೀಖು ಇರುತ್ತದೆ. 2321 ಎಂದರೆ 2021ರ 23ನೇ ವಾರ. ಐದಾರು ವರ್ಷ ದಾಟಿದ ಟೈರಿನ ಗುಂಡಿ (ಟ್ರೆಡ್) ಚೆನ್ನಾಗಿ ಕಂಡರೂ ಟ್ರ್ಯಾಕ್‌ಗೆ ತರಬೇಡಿ. ವೀಲ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮ್ಯಾನುವಲ್‌ನಲ್ಲಿರುವಷ್ಟಕ್ಕೆ ಬಿಗಿಸಿ, ಚಕ್ರ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ.

ಎಂಜಿನ್ ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗುರುತಿನ ಹತ್ತಿರವಿರಲಿ, ಅದನ್ನು ದಾಟಬಾರದು. ಪೆಟ್ರೋಲ್ ಕಾಲು ಟ್ಯಾಂಕ್‌ಗಿಂತ ಕೆಳಗಿಳಿಯಬಾರದು, ತಿರುವಿನಲ್ಲಿ ಅದು ಒಂದು ಬದಿಗೆ ನುಗ್ಗಿ ಪಂಪ್‌ಗೆ ಸಿಗದೆ ಎಂಜಿನ್ ಮುಗ್ಗರಿಸಬಹುದು. ಕಾರಿನೊಳಗಿರುವುದನ್ನೆಲ್ಲ ತೆಗೆಯಿರಿ: ಸ್ಟೆಪ್ನಿ, ಜಾಕ್, ಚಾಲಕನ ಕಡೆಯ ಮ್ಯಾಟ್, ಫೋನ್ ಹೋಲ್ಡರ್. ಡೋರ್‌ನಲ್ಲಿಟ್ಟ ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸೇರುವುದು ಕಟ್ಟುಕಥೆಯಲ್ಲ. ಡ್ಯಾಶ್‌ಬೋರ್ಡ್ ಮೇಲಿನ ಗಣಪನನ್ನೂ ಆ ದಿನ ಮನೆಯಲ್ಲೇ ಕೂರಿಸಿ, ಡಬಲ್ ಟೇಪಿನ ಅಂಟು ಜೋರು ಬ್ರೇಕಿಗೆ ನಿಲ್ಲುವುದಿಲ್ಲ. ಎಳೆದೊಯ್ಯುವ ಕೊಕ್ಕೆ ಎಲ್ಲಿದೆ, ಎಲ್ಲಿ ತಿರುಗಿಸಿ ಹಾಕಬೇಕು ಎಂದು ಮನೆಯಲ್ಲೇ ನೋಡಿಕೊಳ್ಳಿ.

ನಾಲ್ಕು ಪಟ್ಟಿಯ ಬೆಲ್ಟ್ ಹಾಕಿಸುವ ಆಸೆ ಬೇಡ. ಮಾಮೂಲಿ ಸೀಟಿನಲ್ಲಿ ಅದು ಸರಿಯಾಗಿ ಕೂರುವುದಿಲ್ಲ, ಡಿಕ್ಕಿಯಾದರೆ ದೇಹ ಸೊಂಟದ ಪಟ್ಟಿಯ ಕೆಳಗೆ ಜಾರುತ್ತದೆ. ಕಂಪನಿಯ ಬೆಲ್ಟನ್ನೇ ಬಿಗಿಯಾಗಿ ಹಾಕಿ. ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದ್ದು. ಕಾರಿಗೆಂದೇ ಇರುವ ಸ್ನೆಲ್ ಎಸ್‌ಎ ದರ್ಜೆಯದರ ಒಳಪದರ ಬೆಂಕಿ ತಡೆಯುತ್ತದೆ, ಬೈಕಿನದರಲ್ಲಿ ಆ ಗುಣವಿಲ್ಲ. ಎಷ್ಟೋ ಟ್ರ್ಯಾಕ್ ಡೇಗಳಲ್ಲಿ ಒಳ್ಳೆಯ ಬೈಕ್ ಹೆಲ್ಮೆಟ್‌ಗೂ ಒಪ್ಪುತ್ತಾರೆ, ಕೇಳಿಕೊಳ್ಳಿ. ಬಟ್ಟೆ ಕಾಟನ್ ಇರಲಿ, ತೋಳು, ಕಾಲು ಮುಚ್ಚಿರಲಿ, ಶೂಸಿನ ಅಟ್ಟೆ ತೆಳುವಾಗಿರಲಿ. ಕಾರು ಜಾರಿ ತಿರುಗದಂತೆ ತಾನಾಗಿಯೇ ಸಂಭಾಳಿಸುವ ಇಎಸ್‌ಸಿ ಇರುವ ಕಾರಾದರೆ ಅದನ್ನು ಆಫ್ ಮಾಡಬೇಡಿ, ಆಫ್ ಮಾಡಿಸುವ ಇನ್‌ಸ್ಟ್ರಕ್ಟರ್‌ಗೆ ಕಾರಣ ಕೇಳಿ.

ಇನ್ಶೂರೆನ್ಸ್ ಪಾಲಿಸಿಯ ‘ಬಳಕೆಯ ಮಿತಿ’ ಭಾಗ ಓದಿ. ನಮ್ಮ ಮಾಮೂಲಿ ಕಾರು ಪಾಲಿಸಿಗಳಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಇತ್ಯಾದಿ ಹೊರಗಿಟ್ಟಿರುತ್ತಾರೆ. ಅಂದರೆ ಟ್ರ್ಯಾಕ್‌ನಲ್ಲಿ ಗೋಡೆಗೆ ತಾಗಿದರೆ ಖರ್ಚು ನಿಮ್ಮದೇ ಎಂದುಕೊಂಡೇ ಹೊರಡಿ. ತಡೆಗೋಡೆಗೆ ಹಾನಿಯಾದರೆ ಅದರ ಹಣವನ್ನೂ ನೀವೇ ಕಟ್ಟಬೇಕೇ ಎಂದು ಸಹಿ ಹಾಕುವ ಕಾಗದದಲ್ಲಿ ನೋಡಿ.

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾರಿಯಲ್ಲಿ ಟ್ರ್ಯಾಕ್‌ಗೆ ಸುಮಾರು 300 ಕಿ.ಮೀ. ರಾತ್ರಿ ಎರಡಕ್ಕೆ ಎದ್ದು ಹೊರಟು ನೇರ ಬ್ರೀಫಿಂಗ್‌ಗೆ ಕೂರುವ ಯೋಜನೆ ಕೈಬಿಡಿ. ಹಿಂದಿನ ಸಂಜೆಯೇ ಹೋಗಿ ಶ್ರೀಪೆರಂಬದೂರು ಸುತ್ತ ತಂಗಿ. ಮಧ್ಯಾಹ್ನದ ಸೆಖೆಯಲ್ಲಿ ಹೆಲ್ಮೆಟ್ ಒಳಗೆ ಬೆವರು ಧಾರಾಕಾರ. ಉಪ್ಪು ಹಾಕಿದ ಮಜ್ಜಿಗೆಯೋ ಓಆರ್‌ಎಸ್ಸೋ ಸೆಷನ್‌ಗೊಂದು ಲೋಟ ಕುಡಿಯಿರಿ, ಊಟ ಹಗುರಾಗಿರಲಿ. ಎಡವಟ್ಟುಗಳು ಹೆಚ್ಚು ನಡೆಯುವುದು ದಿನದ ಕೊನೆಯ ಸೆಷನ್‌ನಲ್ಲಿ, ದಣಿದಿರುವಾಗ, ‘ಇನ್ನೊಂದೇ ಸುತ್ತು’ ಎನ್ನುವಾಗ. ಒಂದೇ ತಿರುವಿನಲ್ಲಿ ಎರಡು ಸಲ ಬ್ರೇಕ್ ಗುರುತು ತಪ್ಪಿದರೆ ಆ ಸೆಷನ್ ಅಲ್ಲಿಗೆ ಮುಗಿಸಿ ಒಳಗೆ ಬನ್ನಿ.

ವಾಪಸ್ ಹೊರಡುವ ಮೊದಲು ಟೈರು ತಣ್ಣಗಾಗಲು ಬಿಟ್ಟು ಗಾಳಿಯನ್ನು ಮತ್ತೆ ಕಂಪನಿ ಹೇಳಿದ ಅಳತೆಗೆ ತನ್ನಿ. ಟ್ರ್ಯಾಕ್‌ನಲ್ಲಿ ಇಳಿಸಿದ ಗಾಳಿಯಲ್ಲೇ ಹೈವೇ ಹಿಡಿದರೆ ಟೈರಿನ ಪಕ್ಕ ಕಾದು ಒಡೆಯಬಹುದು. ವೀಲ್ ಬೋಲ್ಟ್, ಪ್ಯಾಡ್‌ನ ದಪ್ಪ, ಟೈರಿನ ಹೊರ ಅಂಚು ನೋಡಿ. ಪಾರ್ಕಿಂಗ್‌ನಲ್ಲೇ ನಿಧಾನಕ್ಕೆ ಓಡಿಸಿ ಎರಡು ಮೂರು ಸಲ ಬ್ರೇಕ್ ಒತ್ತಿ ನೋಡಿ. ಪೆಡಲ್ ಬೆಳಿಗ್ಗೆ ಇದ್ದದ್ದಕ್ಕಿಂತ ಕೆಳಗೆ ಹೋಗುತ್ತಿದ್ದರೆ ಅಲ್ಲೇ ಬ್ಲೀಡ್ ಮಾಡಿಸಿ, ಆಮೇಲೆ ವೆಲ್ಲೂರಿನ ದಾರಿ ಹಿಡಿಯಿರಿ.